ನಾಲ್ಕನೆಯ ದಿನವೇ ಹಿಂದಿರುಗಬೇಕೆನಿಸಿದಾಗ: ಹೊರದೇಶದ ಮಿಷನ್ ಪ್ರವಾಸದ ಮೊದಲ ದಿನಗಳ ಕುರಿತು

ಪ್ರಶ್ನೆ: ನಮ್ಮ ಕ್ರೈಸ್ತ ಸಭೆಯಿಂದ ಎಂಟು ಜನರ ತಂಡವಾಗಿ ಮೂರು ವಾರಗಳ ಸೇವೆಗೆಂದು ಹೊರದೇಶಕ್ಕೆ ಬಂದಿದ್ದೇವೆ. ಇಂದಿಗೆ ನಾಲ್ಕನೆಯ ದಿನ. ಒಂದೂವರೆ ವರ್ಷ ಪ್ರಾರ್ಥಿಸಿ, ಹಣ ಕೂಡಿಸಿಕೊಂಡು ಬಂದವಳು ನಾನು. ಇಲ್ಲಿ ರಾತ್ರಿ ನಿದ್ದೆ ಇಲ್ಲ; ಕಣ್ಣು ಮುಚ್ಚಿದರೆ ಭಯಂಕರ ಕನಸುಗಳು. ಇದು ಸೈತಾನನ ಆಕ್ರಮಣವೆಂದು ತಂಡದ ಹಿರಿಯರೊಬ್ಬರು ಹೇಳುತ್ತಾರೆ. ನಿನ್ನೆಯಿಂದ ಹೊಟ್ಟೆಯೂ ಕೆಟ್ಟಿದೆ. ಮಲೇರಿಯಾ ಬಾರದಿರಲೆಂದು ವಾರಕ್ಕೊಂದು ಮಾತ್ರೆ ನುಂಗುತ್ತಿರುವುದನ್ನು ಬಿಟ್ಟರೆ ಬೇರೆ ಔಷಧವಿಲ್ಲ. ಶಾಲೆಯ ಕೋಣೆಗಳಿಗೆ ಬಣ್ಣ ಬಳಿಯುವ, ಮಕ್ಕಳಿಗೆ ಪಾಠ ಹೇಳುವ ಕೆಲಸ ಇನ್ನೂ ಆರಂಭವೇ ಆಗಿಲ್ಲ. ಇಲ್ಲಿನ ಸಭೆಯವರು ದಿನವಿಡೀ ಯಾರನ್ನಾದರೂ ಭೇಟಿ ಮಾಡಿಸುತ್ತಾರೆ, ಕೆಲಸದ ಮಾತೆತ್ತಿದರೆ ನಾಳೆ ಎನ್ನುತ್ತಾರೆ. ಪ್ರಾರ್ಥನೆಗೆ ಕುಳಿತರೆ ಮಾತೇ ಹೊರಡುವುದಿಲ್ಲ. ರಾತ್ರಿ ಮನೆಗೆ ಫೋನ್ ಮಾಡಿ ಅಳುತ್ತೇನೆ. ಭಾನುವಾರ ನಾನು ಸಭೆಯ ಮುಂದೆ ಸಾಕ್ಷಿ, ಅಂದರೆ ದೇವರು ನನ್ನ ಬದುಕಿನಲ್ಲಿ ಮಾಡಿದ್ದನ್ನು, ಹೇಳಬೇಕಂತೆ. ಹೇಳಲು ನನ್ನಲ್ಲಿ ಏನೂ ಉಳಿದಿಲ್ಲ. ದೇವರ ಕರೆಯನ್ನು ನಾನು ತಪ್ಪಾಗಿ ಕೇಳಿಸಿಕೊಂಡೆನೇ? ಹಿಂದಿರುಗಿಬಿಡಲೇ?

ಉತ್ತರ: ಸಹೋದರಿ, ನಿಮ್ಮ ಪತ್ರವನ್ನು ಓದುವಾಗ ನನ್ನ ಕಣ್ಣು ಮೊದಲು ನಿಂತದ್ದು ವಾರಕ್ಕೊಂದರಂತೆ ನುಂಗುತ್ತಿರುವ ಆ ಮಾತ್ರೆಯ ಮೇಲೆ. ಕರೆಯ ವಿಚಾರಕ್ಕೆ ಆಮೇಲೆ ಬರೋಣ. ಮೊದಲು ಎದ್ದು ಹೋಗಿ ಆ ಮಾತ್ರೆಯ ಪಟ್ಟಿಯ ಮೇಲಿರುವ ಹೆಸರನ್ನು ಓದಿ. ಅದರಲ್ಲಿ ಮೆಫ್ಲೋಕ್ವಿನ್ ಎಂದಿದ್ದರೆ ನಿಮ್ಮ ಕನಸುಗಳಿಗೂ, ಎದೆ ನಡುಗಿಸುವ ಕಳವಳಕ್ಕೂ ಕಾರಣ ಅದೇ ಆಗಿರುವ ಸಾಧ್ಯತೆ ಬಹಳವಿದೆ. ಮಲೇರಿಯಾವನ್ನು ತಡೆಯುವುದರಲ್ಲಿ ಅದು ಸಮರ್ಥವಾದ ಔಷಧವೇ. ಆದರೆ ಕೆಲವರಲ್ಲಿ ಅದು ದುಃಸ್ವಪ್ನ, ನಿದ್ರಾಹೀನತೆ, ಆತಂಕ, ಖಿನ್ನತೆಗಳನ್ನು ಉಂಟುಮಾಡುತ್ತದೆ. ಈ ಕಾರಣದಿಂದಲೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2013ರಲ್ಲಿ ಅದರ ಮೇಲೆ ತನ್ನ ಅತ್ಯಂತ ಗಂಭೀರ ಸ್ತರದ ಎಚ್ಚರಿಕೆಯನ್ನು ಮುದ್ರಿಸುವಂತೆ ಮಾಡಿತು. ಪ್ರಯಾಣಕ್ಕೆ ಎರಡು ಮೂರು ವಾರ ಮೊದಲೇ ಅದನ್ನು ಆರಂಭಿಸಿರೆಂದು ವೈದ್ಯರು ಹೇಳುವುದಕ್ಕೆ ಒಂದು ಕಾರಣ, ಒಗ್ಗದವರಿಗೆ ಅದು ಊರಿನಲ್ಲಿರುವಾಗಲೇ ಗೊತ್ತಾಗಲಿ ಎಂಬುದು. ಹೊರಡುವ ಗಡಿಬಿಡಿಯಲ್ಲಿ ಕೊನೆಯ ದಿನಗಳಲ್ಲಿ ಶುರುಮಾಡಿದ ತಂಡಗಳಿಗೆ ಆ ಪರೀಕ್ಷೆ ಪರದೇಶದಲ್ಲಿ ನಡೆಯುತ್ತದೆ. ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಏಕೆಂದರೆ ಮಲೇರಿಯಾ ಇರುವ ಪ್ರದೇಶದಲ್ಲಿ ರಕ್ಷಣೆಯಿಲ್ಲದೆ ಒಂದು ವಾರ ಕಳೆಯುವುದೂ ಅಪಾಯವೇ. ಮುಂದಿನ ಮಾತ್ರೆಯ ದಿನ ಬರುವ ಮೊದಲು, ಬರೆದುಕೊಟ್ಟ ವೈದ್ಯರನ್ನೋ ಅಲ್ಲಿಯ ವೈದ್ಯರನ್ನೋ ಸಂಪರ್ಕಿಸಿ ಬದಲಿ ಔಷಧ ಕೇಳಿ. ದಿನಕ್ಕೊಂದರಂತೆ ತೆಗೆದುಕೊಳ್ಳುವ ಡಾಕ್ಸಿಸೈಕ್ಲಿನ್ ಆಗಲಿ, ಅಟೊವಾಕ್ವೋನ್ ಮತ್ತು ಪ್ರೊಗ್ವಾನಿಲ್ ಸೇರಿದ ಮಾತ್ರೆಯಾಗಲಿ ಅನೇಕರಿಗೆ ಹೊಂದುತ್ತದೆ. ನಿಮಗೆ ಯಾವುದು ಸರಿ ಎಂಬುದನ್ನು ಅವರು ನಿರ್ಧರಿಸಲಿ.

ಆ ಹಿರಿಯರ ಮಾತನ್ನು ನಾನು ಹಗುರವಾಗಿ ತಳ್ಳಿಹಾಕುತ್ತಿದ್ದೇನೆಂದು ತಿಳಿಯಬೇಡಿ. ಸೇವೆಗೆ ಹೊರಟವರಿಗೆ ಆತ್ಮಿಕ ಹೋರಾಟವಿದೆಯೆಂದು ನಾನೂ ನಂಬುತ್ತೇನೆ. ಅವರು ನಿಮಗಾಗಿ ಪ್ರಾರ್ಥಿಸುವುದಾದರೆ ಧಾರಾಳವಾಗಿ ಪ್ರಾರ್ಥಿಸಲಿ. ಆದರೆ ತಂಡಗಳನ್ನು ಸಿದ್ಧಪಡಿಸುವ ಮತ್ತು ಜೊತೆಗೆ ಹೋಗುವ ಕೆಲಸದಲ್ಲಿ ನಾನು ಕಲಿತದ್ದೇನೆಂದರೆ, ಔಷಧದ ದುಷ್ಪರಿಣಾಮಕ್ಕೂ ನಿದ್ದೆಗೇಡಿಗೂ ಸೈತಾನನ ಹೆಸರಿಟ್ಟಾಗ ಇಬ್ಬರಿಗೆ ಅನ್ಯಾಯವಾಗುತ್ತದೆ: ನರಳುವವರಿಗೆ ಚಿಕಿತ್ಸೆ ತಪ್ಪುತ್ತದೆ, ಮತ್ತು ಆ ಊರೇ ಕತ್ತಲೆಯ ಊರು, ಅಲ್ಲಿನ ಜನರೇ ಅಂಥವರು ಎಂಬ ಭಾವನೆ ತಂಡದೊಳಗೆ ಸದ್ದಿಲ್ಲದೆ ಬೇರೂರುತ್ತದೆ. ಎರಡನೆಯದು ಮೊದಲನೆಯದಕ್ಕಿಂತ ಹೆಚ್ಚು ಹಾನಿಕರ.

ನಿದ್ದೆಯ ವಿಷಯದಲ್ಲಿ ಇನ್ನೊಂದು ಲೆಕ್ಕವಿದೆ. ನಮ್ಮ ದೇಹದೊಳಗಿನ ಗಡಿಯಾರ ಹೊಸ ಸಮಯಕ್ಕೆ ಹೊಂದಿಕೊಳ್ಳುವುದು ದಿನಕ್ಕೆ ಸುಮಾರು ಒಂದು ಗಂಟೆಯ ವೇಗದಲ್ಲಿ. ಪೂರ್ವದ ಕಡೆಗೆ ಹಾರಿದವರಿಗೆ ಅದು ಇನ್ನೂ ನಿಧಾನ. ಏಳು ಗಂಟೆಗಳ ಅಂತರವನ್ನು ದಾಟಿ ಹೋದವರು ನಾಲ್ಕನೆಯ ದಿನ ಸರಿಯಾಗಿ ಮಲಗದಿದ್ದರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಹಗಲಿನಲ್ಲಿ ಸಾಕಷ್ಟು ಹೊತ್ತು ಬಿಸಿಲು ಬೆಳಕಿನಲ್ಲಿರಿ, ಮಧ್ಯಾಹ್ನ ಮಲಗಲೇಬೇಕಾದರೆ ಅರ್ಧ ಗಂಟೆ ಮೀರದಂತೆ ಮಲಗಿ, ಮಧ್ಯಾಹ್ನದ ನಂತರ ಕಾಫಿ ಮುಟ್ಟಬೇಡಿ, ಮತ್ತು ನಿದ್ದೆ ಬಾರದ ನಡುರಾತ್ರಿಯಲ್ಲಿ ಫೋನಿನ ಪರದೆಯನ್ನು ಬೆಳಗಿಸಿಕೊಂಡು ಕೂರಬೇಡಿ.

ಹೊಟ್ಟೆಯ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಪ್ರಯಾಣಿಕರ ಭೇದಿ ಹೆಚ್ಚಿನವರಲ್ಲಿ ಕೆಲವೇ ದಿನಗಳಲ್ಲಿ ತಾನಾಗಿ ನಿಲ್ಲುತ್ತದೆ. ಅಪಾಯವಿರುವುದು ದೇಹದ ನೀರು ಬರಿದಾಗುವುದರಲ್ಲಿ. ಓಆರ್‌ಎಸ್ ಪುಡಿ ಸಿಕ್ಕರೆ ಅದನ್ನೇ ಬಳಸಿ. ಸಿಗದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟ ಮಾಡಿದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಬೆರೆಸಿ ಗುಟುಕು ಗುಟುಕಾಗಿ ಕುಡಿಯುತ್ತಿರಿ. ಉಪ್ಪಿನ ಅಳತೆ ಹೆಚ್ಚಾಗಬಾರದು. ನೀರನ್ನು ಚೆನ್ನಾಗಿ ಕುದಿ ಬಂದ ಮೇಲೆ ಒಂದು ನಿಮಿಷ ಕುದಿಸಿದರೆ ಸಾಕು. ಸಮುದ್ರಮಟ್ಟದಿಂದ 2000 ಮೀಟರಿಗಿಂತ ಎತ್ತರದ ಊರಾದರೆ ಮೂರು ನಿಮಿಷ. ಮಲದಲ್ಲಿ ರಕ್ತ, ಜೋರು ಜ್ವರ, ಕುಡಿದದ್ದೆಲ್ಲ ವಾಂತಿಯಾಗುವುದು, ಮೂತ್ರ ತೀರ ಕಡಿಮೆಯಾಗುವುದು, ಇವುಗಳಲ್ಲಿ ಒಂದು ಕಂಡರೂ ತಂಡದ ನಾಯಕರಿಗೆ ಹೇಳಿ ಆಸ್ಪತ್ರೆಗೆ ಹೋಗಿ. ಜ್ವರವನ್ನಂತೂ ಯಾವ ವಾರದಲ್ಲಿ ಬಂದರೂ ಮುಚ್ಚಿಡಬೇಡಿ; ಸೊಳ್ಳೆ ಕಚ್ಚಿ ಏಳು ದಿನಗಳಾದ ಮೇಲೆ, ಮನೆಗೆ ಮರಳಿದ ತಿಂಗಳುಗಳಲ್ಲಿಯೂ, ಜ್ವರ ಬಂದರೆ ಆ ದಿನವೇ ಮಲೇರಿಯಾ ರಕ್ತಪರೀಕ್ಷೆ ಆಗಬೇಕು. ತಂಡಕ್ಕೆ ಭಾರವಾಗಬಾರದೆಂದು ಕಾಯಿಲೆ ಬಚ್ಚಿಟ್ಟುಕೊಂಡವರು ಕೊನೆಗೆ ಹೆಚ್ಚು ಭಾರವಾದದ್ದನ್ನೇ ನಾನು ಕಂಡಿದ್ದೇನೆ.

ಪ್ರಾರ್ಥನೆಗೆ ಮಾತು ಹೊರಡದ ವಿಷಯವನ್ನು ನಾನು ಬೇಕೆಂದೇ ದೇಹದ ವಿಷಯದ ಪಕ್ಕದಲ್ಲಿಟ್ಟಿದ್ದೇನೆ. ಅರಸುಗಳ ಮೊದಲನೆಯ ಗ್ರಂಥದ 19ನೆಯ ಅಧ್ಯಾಯವನ್ನು ಮತ್ತೆ ತೆರೆದು ನೋಡಿ. ಅರಣ್ಯದೊಳಕ್ಕೆ ಒಂದು ದಿನದ ದಾರಿ ನಡೆದ ಪ್ರವಾದಿ ಎಲೀಯನು ಗಿಡದ ಕೆಳಗೆ ಕುಳಿತು ತನ್ನ ಪ್ರಾಣವನ್ನು ತೆಗೆದುಕೊಳ್ಳೆಂದು ಬೇಡಿ ಮಲಗಿಬಿಡುತ್ತಾನೆ. ಅವನ ಬಳಿ ಬಂದ ದೂತನು ಅವನನ್ನು ಗದರಿಸುವುದೂ ಇಲ್ಲ, ನಿನ್ನ ಕರೆಯ ಗತಿಯೇನಾಯಿತೆಂದು ವಿಚಾರಿಸುವುದೂ ಇಲ್ಲ. ಮುಟ್ಟಿ ಎಬ್ಬಿಸಿ ತಿನ್ನು ಎನ್ನುತ್ತಾನೆ. ಎಲೀಯನು ತಿಂದು ಕುಡಿದು ಮತ್ತೆ ಮಲಗುತ್ತಾನೆ, ದೂತನು ಎರಡನೆಯ ಸಾರಿಯೂ ಎಬ್ಬಿಸಿ ಮತ್ತೆ ತಿನ್ನಿಸುತ್ತಾನೆ. ನೀನು ಇಲ್ಲೇನು ಮಾಡುತ್ತೀ ಎಂಬ ದೇವರ ಪ್ರಶ್ನೆ ಅವನಿಗೆ ಕೇಳಿಬರುವುದು ಅದಾದ ಮೇಲೆ, ನಲವತ್ತು ದಿನ ನಡೆದು ಹೋರೇಬ್ ಬೆಟ್ಟವನ್ನು ಮುಟ್ಟಿದ ನಂತರ. ನಾಲ್ಕು ರಾತ್ರಿ ನಿದ್ದೆಗೆಟ್ಟು, ಹೊಟ್ಟೆ ಕೆಟ್ಟು ಬಳಲಿರುವ ನೀವು ಈ ಪ್ರಶ್ನೆಯನ್ನು ನಿಮ್ಮ ಮೇಲೆ ಹೊತ್ತುಕೊಂಡು ಈಗಲೇ ಉತ್ತರಿಸಲು ಹೊರಟಿದ್ದೀರಿ. ಸದ್ಯಕ್ಕೆ ಬಾಯಿಪಾಠವಿರುವ ಒಂದು ಕೀರ್ತನೆಯನ್ನು ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಮೆಲ್ಲಗೆ ಹೇಳಿಕೊಳ್ಳಿ. ಸ್ವಂತ ಮಾತು ಬತ್ತಿದವರಿಗೆ ಹಿಂದಿನವರು ಬಿಟ್ಟುಹೋದ ಮಾತುಗಳು ಇರುವುದೇ ಇದಕ್ಕಾಗಿ.

ಇನ್ನು ನಿಮ್ಮ ಪತ್ರದ ಮುಖ್ಯ ಭಾಗಕ್ಕೆ ಬರುತ್ತೇನೆ. ಅದು ಮುಖ್ಯವೆಂದು ನಿಮಗೆ ಅನ್ನಿಸಿರಲಾರದು, ಏಕೆಂದರೆ ನೀವು ಅದನ್ನು ದೂರಿನ ರೂಪದಲ್ಲಿ ಎರಡೇ ವಾಕ್ಯಗಳಲ್ಲಿ ಬರೆದು ಮುಗಿಸಿದ್ದೀರಿ: ಕೆಲಸ ಆರಂಭವಾಗಿಲ್ಲ, ದಿನವಿಡೀ ಭೇಟಿ ಮಾಡಿಸುತ್ತಾರೆ. ಸಹೋದರಿ, ಆ ಭೇಟಿಗಳೇ ಕೆಲಸದ ಆರಂಭ. ನಿಮ್ಮ ಮನಸ್ಸಿನಲ್ಲಿರುವ ಮೂರು ವಾರಗಳ ಪಟ್ಟಿಯಲ್ಲಿ ಗೋಡೆಗಳಿವೆ, ಪಾಠಗಳಿವೆ. ಅಲ್ಲಿನ ಸಭೆಯವರ ಮನಸ್ಸಿನಲ್ಲಿರುವುದು ಬೇರೆ. ತಾವು ಅತಿಥಿಗಳನ್ನು ಕರೆಸಿಕೊಂಡಿದ್ದೇವೆ, ಇವರು ಯಾರೆಂದು ನೆರೆಹೊರೆಯವರಿಗೂ ಊರಿನ ಹಿರಿಯರಿಗೂ ಶಾಲೆ ನಡೆಸುವವರಿಗೂ ತೋರಿಸಿ ಒಪ್ಪಿಗೆ ಪಡೆಯದೆ ಅಪರಿಚಿತರನ್ನು ಮಕ್ಕಳ ನಡುವೆ ಬಿಡುವುದು ಹೇಗೆ ಎಂಬುದು ಅವರ ಚಿಂತೆ. ನಿಮ್ಮ ಊರಿನ ಶಾಲೆಗೆ ಭಾಷೆ ಬಾರದ ಎಂಟು ಜನ ಪರದೇಶದವರು ಬಂದು ನಾಳೆಯಿಂದಲೇ ಪಾಠ ಹೇಳುತ್ತೇವೆ ಎಂದರೆ ನೀವು ಏನು ಮಾಡುತ್ತಿದ್ದಿರೋ ಅದನ್ನೇ ಅವರೂ ಮಾಡುತ್ತಿದ್ದಾರೆ, ಮತ್ತು ನಿಮಗಿಂತ ಸೌಜನ್ಯದಿಂದ ಮಾಡುತ್ತಿದ್ದಾರೆ.

ಲೂಕನ ಸುವಾರ್ತೆಯ 10ನೆಯ ಅಧ್ಯಾಯದಲ್ಲಿ ಯೇಸು ತನ್ನ ಶಿಷ್ಯರನ್ನು ಇಬ್ಬಿಬ್ಬರಾಗಿ ಕಳುಹಿಸುವಾಗ ಕೊಟ್ಟ ಅಪ್ಪಣೆಗಳ ಕ್ರಮವನ್ನು ಗಮನಿಸಿ: ಚೀಲ ಒಯ್ಯಬೇಡಿರಿ, ಹೊಕ್ಕ ಮನೆಗೆ ಸಮಾಧಾನವನ್ನು ಕೋರಿರಿ, ಅದೇ ಮನೆಯಲ್ಲಿದ್ದು ಅವರು ಕೊಟ್ಟದ್ದನ್ನು ತಿಂದು ಕುಡಿಯಿರಿ. ರೋಗಿಗಳನ್ನು ಗುಣಪಡಿಸುವ, ದೇವರ ರಾಜ್ಯವು ಸಮೀಪಿಸಿತೆಂದು ಸಾರುವ ಮಾತು ಬರುವುದು ಊಟದ ನಂತರ. ಕೊಡಲು ಹೋದವರು ಮೊದಲು ಪಡೆಯುವವರಾಗಿ ಕೂರಬೇಕಾದ ಈ ಸ್ಥಿತಿ ನಮಗೆ, ಅದರಲ್ಲೂ ಚಟುವಟಿಕೆಯಿಂದ ಕೂಡಿದ ಸಭೆಗಳಲ್ಲಿ ಬೆಳೆದವರಿಗೆ, ಬಹಳ ಕಷ್ಟದ್ದು. ನಿಮ್ಮ ಈಗಿನ ಸಂಕಟದ ಹೆಚ್ಚಿನ ಪಾಲು ಇಲ್ಲಿಯೇ ಹುಟ್ಟಿದೆಯೆಂದು ನನ್ನ ಅನಿಸಿಕೆ: ಉಪಯೋಗಕ್ಕೆ ಬರಬೇಕೆಂದು ಹೋದ ನಿಮ್ಮನ್ನು ಅವರು ಉಪಯೋಗಿಸಿಕೊಳ್ಳದೆ ಉಪಚರಿಸುತ್ತಿದ್ದಾರೆ.

ನನ್ನದೇ ಒಂದು ಮೂರ್ಖತನವನ್ನು ಹೇಳಿಬಿಡುತ್ತೇನೆ. ಮೊದಲ ಪ್ರವಾಸದ ಎರಡನೆಯ ದಿನ, ಸುಮ್ಮನೆ ಕೂರಲಾರದೆ, ಆತಿಥ್ಯ ನೀಡಿದ ಸಭೆಯ ಕೂಟದ ಕೋಣೆಯಲ್ಲಿದ್ದ ಬೆಂಚುಗಳನ್ನೆಲ್ಲ ನೆಟ್ಟಗೆ ಸಾಲಾಗಿ ಜೋಡಿಸಿಟ್ಟೆ. ಯಾರೂ ಏನೂ ಅನ್ನಲಿಲ್ಲ. ಬಾಗಿಲ ಹತ್ತಿರ ಓರೆಯಾಗಿದ್ದ ಎರಡು ಬೆಂಚುಗಳು, ನಡೆಯಲಾರದ ಮುದುಕಿಯರನ್ನು ಹೊತ್ತು ತಂದು ಕೂರಿಸಲು ಮಾಡಿಕೊಂಡಿದ್ದ ಏರ್ಪಾಡೆಂದು ತಿಳಿದದ್ದು ಆರಾಧನೆಯ ದಿನ, ಅವರನ್ನು ಹೊತ್ತು ತಂದವರು ದಾರಿಯಿಲ್ಲದೆ ಬಾಗಿಲಲ್ಲೇ ನಿಂತಾಗ. ಬಣ್ಣ ಬಳಿಯುವ ಕೆಲಸದ ಬಗ್ಗೆಯೂ ಒಂದು ಮಾತನ್ನು ನಾಯಕರ ಮೂಲಕ ಮೃದುವಾಗಿ ಕೇಳಿಸಿ: ಅದು ಅವರಿಗೆ ನಿಜವಾಗಿಯೂ ಬೇಕಾಗಿದೆಯೇ, ಅಥವಾ ಬಂದವರಿಗೆ ಏನಾದರೂ ಕೆಲಸ ಕೊಡಬೇಕೆಂದು ಒಪ್ಪಿಕೊಂಡದ್ದೇ? ಅದೇ ಕೂಲಿಯಿಂದ ಬದುಕುವ, ಬಣ್ಣ ಬಳಿಯುವವರು ಆ ಊರಿನಲ್ಲಿದ್ದರೆ, ಅವರಿಗೆ ಕೂಲಿ ಕೊಟ್ಟು ನೀವು ಅವರ ಕೈಕೆಳಗೆ ದುಡಿಯುವುದು ಎಷ್ಟೋ ಉತ್ತಮ.

ಹಾಗಾದರೆ ಈ ದಿನಗಳಲ್ಲಿ ಮಾಡುವುದೇನು? ಹೆಸರುಗಳನ್ನು ಕಲಿಯಿರಿ, ಸರಿಯಾದ ಉಚ್ಚಾರಣೆಯೊಂದಿಗೆ. ನಮಸ್ಕಾರ, ಉಪಕಾರ, ಕ್ಷಮಿಸಿ, ಇದರ ಹೆಸರೇನು ಎಂಬಂಥ ಇಪ್ಪತ್ತು ಮಾತುಗಳನ್ನು ಕಲಿಯಿರಿ, ಮತ್ತು ಅವನ್ನು ಮಕ್ಕಳಿಂದಲೇ ಕಲಿಯಿರಿ. ಜರ್ಮನಿಯ ಮಿಷನರಿ ಬಾರ್ತೊಲೊಮೇಯುಸ್ ಸೀಗೆನ್‌ಬಾಲ್ಗ್ 1706ರ ಜುಲೈ 9ರಂದು ಆಗ ಡೇನರ ವಶದಲ್ಲಿದ್ದ ತಮಿಳು ಕರಾವಳಿಯ ತರಂಗಂಬಾಡಿಗೆ ಬಂದಾಗ, ಡೆನ್ಮಾರ್ಕಿನ ಅರಸನೇ ಕಳುಹಿಸಿದವನಾಗಿದ್ದರೂ, ಅಲ್ಲಿನ ಡೇನಿಷ್ ಅಧಿಕಾರಿಯಿಂದ ಸಿಕ್ಕಿದ್ದು ತಣ್ಣನೆಯ ಸ್ವಾಗತ. ತಮಿಳು ಅಕ್ಷರಗಳನ್ನು ಅವನು ಕಲಿತದ್ದು ಶಾಲೆಯ ಮಕ್ಕಳ ನಡುವೆ ಕುಳಿತು, ಅವರಂತೆಯೇ ಮರಳಿನ ಮೇಲೆ ಬೆರಳಿನಿಂದ ಬರೆದು. ಹೊಸ ಒಡಂಬಡಿಕೆಯ ತಮಿಳು ಅನುವಾದ ಅಚ್ಚಾಗಿ ಮುಗಿದದ್ದು 1715ರಲ್ಲಿ. ನಡುವೆ ಕೆಲವು ತಿಂಗಳು ಸೆರೆಮನೆಯೂ ಆಯಿತು. ಚೀನಾಕ್ಕೆ ಹೋದ ಇಂಗ್ಲಿಷ್ ಮಿಷನರಿ ಹಡ್ಸನ್ ಟೇಲರ್‌ನ ಕಥೆ ಇನ್ನೂ ಒರಟು. 1854ರ ಮಾರ್ಚ್ 1ರಂದು ಶಾಂಘೈಯಲ್ಲಿ ಇಳಿದ ಆ 21 ವರ್ಷದ ತರುಣನ ಕೈಯಲ್ಲಿದ್ದ ಪರಿಚಯಪತ್ರಗಳಲ್ಲಿ ಒಂದನ್ನು ಪಡೆಯಬೇಕಾದವರು ತೀರಿಕೊಂಡಿದ್ದರು, ಇನ್ನೊಂದನ್ನು ಪಡೆಯಬೇಕಾದವರು ಅಮೆರಿಕಕ್ಕೆ ಮರಳಿದ್ದರು. ಕೋಟೆಯೊಳಗಿನ ಊರು ಬಂಡಾಯಗಾರರ ವಶದಲ್ಲಿದ್ದು ಹೊರಗೆ ಸರ್ಕಾರದ ಸೈನ್ಯ ಮುತ್ತಿಗೆ ಹಾಕಿತ್ತು. ಬೇರೊಂದು ಮಿಷನ್ನಿನವರ ಮನೆಯಲ್ಲಿ ಹಂಗಿನ ಅತಿಥಿಯಾಗಿ ಅವನು ಆ ಮೊದಲ ದಿನಗಳನ್ನು ಕಳೆದ. ಇವರಿಬ್ಬರ ಹೋಲಿಕೆ ಮೂರು ವಾರಗಳ ಪ್ರವಾಸಕ್ಕೆ ಪೂರ್ತಿಯಾಗಿ ಸಲ್ಲುವುದಿಲ್ಲವೆಂದು ಬಲ್ಲೆ. ಅವರಿಗೆ ವರ್ಷಗಳಿದ್ದವು, ನಿಮಗೆ ಹದಿನೇಳು ದಿನಗಳಿವೆ. ಮೊದಲ ದಿನಗಳ ಮುಖಭಂಗವನ್ನು ನೋಡಿ ಕರೆಯನ್ನು ಅಳೆಯಲಾಗದು ಎಂಬುದಕ್ಕೆ ಮಾತ್ರ ಅವರನ್ನು ನೆನೆದೆ.

ನಿಮ್ಮ ಅಳುವಿಗೂ ಸಿಡುಕಿಗೂ ವಿದ್ವಾಂಸರು ಇಟ್ಟ ಹೆಸರೊಂದಿದೆ: ಕಲ್ಚರ್ ಶಾಕ್. ಈ ಮಾತನ್ನು ಬಳಕೆಗೆ ತಂದವರಲ್ಲಿ ಪ್ರಮುಖನಾದ ಮಾನವಶಾಸ್ತ್ರಜ್ಞ ಕಾಲೆರ್ವೊ ಓಬರ್ಗ್ 1954ರಲ್ಲಿ ಮಾಡಿದ ಭಾಷಣವನ್ನು 1960ರಲ್ಲಿ ಅಚ್ಚು ಹಾಕಿದ್ದು, ಬಹುಮಟ್ಟಿಗೆ ಮಿಷನರಿಗಳೇ ಓದುತ್ತಿದ್ದ ಪ್ರಾಕ್ಟಿಕಲ್ ಆಂಥ್ರಪಾಲಜಿ ಎಂಬ ಪತ್ರಿಕೆ. ಎದುರಿನವರು ಯಾವಾಗ ನಗುತ್ತಾರೆ, ಯಾವಾಗ ಕೈ ಚಾಚುತ್ತಾರೆ, ಹೌದು ಎಂದರೆ ಹೌದೇ ಅಲ್ಲವೇ ಎಂಬುದನ್ನೆಲ್ಲ ತಿಳಿಸುವ ನೂರಾರು ಚಿಕ್ಕ ಗುರುತುಗಳು ಒಮ್ಮೆಲೇ ಕೈಬಿಟ್ಟುಹೋದಾಗ ಉಂಟಾಗುವ ಕಳವಳವೇ ಇದೆಂದು ಅವನು ವಿವರಿಸಿದ. ಅವನು ಪಟ್ಟಿ ಮಾಡಿದ ಲಕ್ಷಣಗಳಲ್ಲಿ ಪದೇಪದೇ ಕೈತೊಳೆಯುವುದು, ನೀರು ಮತ್ತು ಊಟದ ಬಗ್ಗೆ ಅತಿಯಾದ ಭಯ, ಚಿಕ್ಕ ವಿಳಂಬಕ್ಕೂ ಕೋಪ, ಮನೆಯ ಹಂಬಲ ಎಲ್ಲವೂ ಇವೆ. ಮೊದಲು ಹರ್ಷ, ಆಮೇಲೆ ಬಿಕ್ಕಟ್ಟು, ಬಳಿಕ ಚೇತರಿಕೆ ಎಂಬ ಅವನ ಕ್ರಮ ಎಲ್ಲರಿಗೂ ಹೊಂದುವುದಿಲ್ಲ. ಅನೇಕರಿಗೆ ಮೊದಲ ದಿನಗಳೇ ಅತಿ ಕಠಿಣವೆಂದು ಆಮೇಲಿನ ಅಧ್ಯಯನಗಳಲ್ಲಿ ಕಂಡುಬಂದಿದೆ. ಆದರೆ ಅವನ ಒಂದು ಎಚ್ಚರಿಕೆ ನಿಮ್ಮ ತಂಡಕ್ಕೆ ನೇರವಾಗಿ ಅನ್ವಯಿಸುತ್ತದೆ: ಬಿಕ್ಕಟ್ಟಿನ ಹೊತ್ತಿನಲ್ಲಿ ಒಂದೇ ದೇಶದವರು ಒಂದೆಡೆ ಸೇರಿ ಆತಿಥ್ಯ ನೀಡಿದವರನ್ನು ಆಡಿಕೊಳ್ಳತೊಡಗುತ್ತಾರೆ. ರಾತ್ರಿ ಕೋಣೆಯಲ್ಲಿ ‘ಇವರು ಹೀಗೆಯೇ’ ಎಂಬ ಮಾತು ಶುರುವಾದರೆ ಅಲ್ಲಿಂದ ಎದ್ದುಬಿಡಿ. ಸಮಯ, ಸ್ನಾನದ ಸರದಿ, ಗೊರಕೆ ಇಂಥ ವಿಷಯಗಳಿಗೆ ತಂಡದೊಳಗೆ ಹತ್ತುವ ಜಗಳಗಳನ್ನೂ ರಾತ್ರಿ ಬಗೆಹರಿಸಲು ಹೋಗಬೇಡಿ, ಬೆಳಿಗ್ಗೆ ಅವು ಅರ್ಧ ಗಾತ್ರಕ್ಕೆ ಇಳಿದಿರುತ್ತವೆ.

ಫೋನ್ ಮಾಡುವುದನ್ನು ಪೂರ್ತಿಯಾಗಿ ಬಿಡಿ ಎನ್ನುವಷ್ಟು ಕಠೋರ ನಾನಲ್ಲ. ಆದರೆ ನೀವು ಅತ್ತು ಹಗುರಾಗಿ ಮಲಗುತ್ತೀರಿ, ಸಾವಿರಾರು ಮೈಲಿ ದೂರದಲ್ಲಿರುವ ಮನೆಯವರು ಏನೂ ಮಾಡಲಾಗದೆ ಎಚ್ಚರವಿರುತ್ತಾರೆ. ಮರುದಿನ ಅವರ ಆತಂಕ ನಿಮ್ಮ ಮೇಲೆಯೇ ಮರಳಿ ಬೀಳುತ್ತದೆ. ಎರಡು ದಿನಕ್ಕೊಮ್ಮೆ, ಹಗಲಿನಲ್ಲಿ, ಹದಿನೈದು ನಿಮಿಷ ಮಾತನಾಡಿ. ಅಳುವನ್ನು ತಂಡದ ಒಬ್ಬ ಸಹೋದರಿಯ ಮುಂದೆ ಇಟ್ಟುಕೊಳ್ಳಿ. ಅಲ್ಲಿನವರ, ಅದರಲ್ಲೂ ಮಕ್ಕಳ ಚಿತ್ರಗಳನ್ನು ಮನೆಗೂ ಬೇರೆಲ್ಲಿಗೂ ಕಳುಹಿಸುವ ಮೊದಲು ಆತಿಥೇಯರ ಒಪ್ಪಿಗೆ ಕೇಳಿ. ಕೆಲವು ದೇಶಗಳಲ್ಲಿ ನಿಮ್ಮ ಒಂದು ಚಿತ್ರ, ನೀವು ವಿಮಾನ ಹತ್ತಿದ ಮೇಲೂ ಅಲ್ಲಿಯೇ ಬದುಕಬೇಕಾದ ವಿಶ್ವಾಸಿಗಳನ್ನು ತೊಂದರೆಗೆ ಸಿಲುಕಿಸಬಲ್ಲದು. ನೀವು ಯಾವ ವೀಸಾದ ಮೇಲೆ ಹೋಗಿದ್ದೀರೆಂದು ಬರೆದಿಲ್ಲ. ಅನೇಕ ದೇಶಗಳಲ್ಲಿ ಪ್ರವಾಸಿ ವೀಸಾದವರು ಬೋಧನೆ ಮಾಡುವುದಕ್ಕೆ, ಕೆಲವೆಡೆ ಶಾಲೆಯಲ್ಲಿ ಪಾಠ ಹೇಳುವುದಕ್ಕೂ ಅನುಮತಿಯಿರುವುದಿಲ್ಲ. ಇದನ್ನು ನಾಯಕರಲ್ಲಿ ಸ್ಪಷ್ಟವಾಗಿ ವಿಚಾರಿಸಿ, ಅಧಿಕಾರಿ ಕೇಳಿದರೆ ಸುಳ್ಳು ಹೇಳಬೇಕಾದ ಕೆಲಸಕ್ಕೆ ಕೈಹಾಕಬೇಡಿ.

ಹಿಂದಿರುಗಬೇಕೇ ಎಂಬ ಪ್ರಶ್ನೆಗೆ ಈಗ ಉತ್ತರಿಸಬಹುದು. ಕೆಲವು ಸಂದರ್ಭಗಳಲ್ಲಿ ಹೊರಡುವುದೇ ಸರಿ, ಮತ್ತು ಅದಕ್ಕೆ ಯಾರ ಅಪ್ಪಣೆಗೂ ಕಾಯಬೇಕಿಲ್ಲ: ಅಲ್ಲಿ ಚಿಕಿತ್ಸೆ ಸಿಗದ ಕಾಯಿಲೆ, ಬದುಕುವುದೇ ಬೇಡವೆಂಬ ಯೋಚನೆಗಳು, ತಂಡದ ಒಳಗಿನವರಿಂದಾಗಲಿ ಹೊರಗಿನವರಿಂದಾಗಲಿ ಲೈಂಗಿಕ ಕಿರುಕುಳ, ಪಾಸ್‌ಪೋರ್ಟ್ ಕಸಿದುಕೊಂಡು ಇಟ್ಟುಕೊಳ್ಳುವ ನಾಯಕತ್ವ, ಊರಿನಲ್ಲಿ ಗಲಭೆ. ಬದುಕು ಬೇಡವೆಂಬ ಯೋಚನೆ ಬಂದರೆ ಒಂಟಿಯಾಗಿರಬೇಡಿ, ಮಾತ್ರೆಯ ವಿಷಯವನ್ನೂ ಸೇರಿಸಿ ಆ ಗಳಿಗೆಯಲ್ಲೇ ವೈದ್ಯರಿಗೆ ತಿಳಿಸಿ. ಇವುಗಳಲ್ಲಿ ಯಾವುದೂ ನಿಮ್ಮ ಪತ್ರದಲ್ಲಿಲ್ಲವಾದ್ದರಿಂದ ನನ್ನ ಸಲಹೆ ಇಷ್ಟೆ: ಮಾತ್ರೆಯ ವಿಷಯ ತೀರ್ಮಾನವಾಗಿ, ಹೊಟ್ಟೆ ನೆಟ್ಟಗಾಗಿ, ಮೂರು ರಾತ್ರಿ ಸರಿಯಾಗಿ ನಿದ್ದೆ ಮಾಡುವವರೆಗೆ ನಿರ್ಧರಿಸಬೇಡಿ. ಆಮೇಲೂ ಹೋಗಬೇಕೆನಿಸಿದರೆ ನಾಯಕರ ಮುಂದೆ ಹಗಲಿನಲ್ಲಿ ಕುಳಿತು ಹೇಳಿ ಹೊರಡಿ. ಪೌಲನ ಸೇವಾ ಪ್ರವಾಸದಲ್ಲಿ ಜೊತೆಗಿದ್ದ ಯೋಹಾನನೆಂಬ ಮಾರ್ಕನು ಪಂಫುಲ್ಯದ ಪೆರ್ಗೆಯಿಂದ ಹಿಂದಿರುಗಿದ್ದು ಯಾಕೆಂದು ಅಪೊಸ್ತಲರ ಕೃತ್ಯಗಳು ತಿಳಿಸುವುದಿಲ್ಲ. ಅವನನ್ನು ಮತ್ತೆ ಕರೆದೊಯ್ಯುವ ವಿಷಯದಲ್ಲಿ ಪೌಲ ಮತ್ತು ಬಾರ್ನಬರಂಥವರೇ ಜಗಳವಾಡಿ ಬೇರೆಯಾದರೆಂಬುದನ್ನು ಮಾತ್ರ ತಿಳಿಸುತ್ತದೆ. ಆದರೂ ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆಯ ಕೊನೆಯಲ್ಲಿ ಪೌಲನು ಮಾರ್ಕನನ್ನು ಕರೆದುಕೊಂಡು ಬಾ, ಅವನು ಸೇವೆಗೆ ಉಪಯುಕ್ತನು ಎನ್ನುತ್ತಾನೆ. ಹಿಂದಿರುಗಿದವರ ಹೆಸರು ಶಾಶ್ವತವಾಗಿ ಅಳಿಸಿಹೋಗುವುದಿಲ್ಲ. ಉಳಿದವರೆಲ್ಲರೂ ಧೈರ್ಯಶಾಲಿಗಳೂ ಅಲ್ಲ. ಕೊರಿಂಥಕ್ಕೆ ಬಂದಾಗ ತಾನು ಬಲಹೀನನಾಗಿ, ಭಯದಿಂದ, ಬಹಳ ನಡುಗುವವನಾಗಿ ಇದ್ದೆನೆಂದು ಆ ಪೌಲನೇ ಅಲ್ಲಿನವರಿಗೆ ಬರೆದಿದ್ದಾನೆ.

ಭಾನುವಾರದ ಸಾಕ್ಷಿಯ ವಿಷಯ ಉಳಿದಿದೆ. ಹೇಳಲು ಏನೂ ಇಲ್ಲವೆಂದಿರಿ. ನೀವು ಬಂದಿಳಿದಾಗ ಚೀಲ ಹೊತ್ತವರು ಯಾರು, ಹೊಟ್ಟೆ ಕೆಟ್ಟಾಗ ನೀರು ಕಾಯಿಸಿಕೊಟ್ಟವರು ಯಾರು, ಯಾವ ಮಗು ನಿಮಗೆ ಯಾವ ಪದ ಕಲಿಸಿತು ಎಂಬುದನ್ನು ಅವರವರ ಹೆಸರು ಹಿಡಿದು ಹೇಳಿ. ನಿಮ್ಮ ಊರಿನ ಸಭೆಯ ದೊಡ್ಡಸ್ತಿಕೆ ಬೇಡ, ಮುಂದೆ ಕಳುಹಿಸುತ್ತೇವೆಂಬ ಹಣದ ಅಥವಾ ವಸ್ತುವಿನ ವಾಗ್ದಾನವಂತೂ ಸರ್ವಥಾ ಬೇಡ. ಅನುವಾದಕರಿದ್ದರೆ ನಿಮ್ಮ ಐದು ನಿಮಿಷ ಹತ್ತು ನಿಮಿಷವಾಗುವುದರಿಂದ ಒಂದು ಪುಟಕ್ಕಿಂತ ಹೆಚ್ಚು ಬರೆಯಬೇಡಿ. ವಾಕ್ಯಗಳು ಚಿಕ್ಕವಿರಲಿ, ಗಾದೆ, ಶ್ಲೇಷೆ, ನಗೆಮಾತುಗಳು ಭಾಷೆ ದಾಟುವಾಗ ದಾರಿಯಲ್ಲೇ ಸಾಯುತ್ತವೆ. ಆ ಪುಟವನ್ನು ಶನಿವಾರ ಸಂಜೆಯೇ ಅನುವಾದಕರ ಕೈಗೆ ಕೊಟ್ಟು ಒಮ್ಮೆ ಜೊತೆಯಲ್ಲಿ ಓದಿ, ಮತ್ತು ಮಾತನಾಡುವಾಗ ಅವರ ಮುಖ ನೋಡದೆ ಎದುರು ಕುಳಿತವರ ಮುಖ ನೋಡಿ. ಜನರ ಹೆಸರುಗಳ ಉಚ್ಚಾರಣೆಯನ್ನು ಅವರಿಂದಲೇ ತಿದ್ದಿಸಿಕೊಳ್ಳಿ.